ಕಂಪ್ಯೂಟರ್ ಕೆಟ್ಟರೆ ವಿಂಡೋಸೂ ಕೆಟ್ಟಿತೆ?

ಮನೆಯಲ್ಲಿ ಕಂಪ್ಯೂಟರ್ ಇರುವುದು ಈಗ ಸಿರಿವಂತಿಕೆಯ ಗುರುತೇನಲ್ಲ. ಮಕ್ಕಳ ಪ್ರಾಜೆಕ್ಟು, ಯಜಮಾನರ ಕಾಗದಪತ್ರ, ಮಹಿಳಾ ಸಂಘದ ಲೆಕ್ಕ, ನಾಮಕರಣದಿಂದ ಹಿಡಿದು ಷಷ್ಟ್ಯಬ್ದಿಯವರೆಗಿನ ಫೋಟೋ, ಎಲ್ಲವೂ ಅದರ ಹೊಟ್ಟೆಯೊಳಗೆ. ಇಷ್ಟೊಂದು ನೆಚ್ಚಿಕೊಂಡ ಯಂತ್ರ ಒಂದು ಬೆಳಿಗ್ಗೆ ಗುಂಡಿ ಒತ್ತಿದರೂ ಏಳದೆ ಹೋದರೆ? ಮಳೆಗಾಲದ ಸಿಡಿಲಿಗೋ, ಕರೆಂಟಿನ ಏರುಪೇರಿಗೋ, ಇಲ್ಲವೇ ವಯಸ್ಸಾಗಿಯೋ ಅದು ಕೆಡುವುದು ಇದ್ದದ್ದೇ. ರಿಪೇರಿಗೆ ಒಯ್ದರೆ "ಬೋರ್ಡೇ ಹೋಗಿದೆ, ಇದಕ್ಕೆ ಖರ್ಚು ಮಾಡೋ ಬದಲು ಇನ್ನೊಂದು ತಗೊಳ್ಳಿ" ಎಂಬ ಮಾತು. ಸರಿ, ಹೊಸದೋ ಸೆಕೆಂಡ್ ಹ್ಯಾಂಡೋ ಒಂದು ನೋಡಿದ್ದಾಯಿತು. ಆಮೇಲೆ ಅಂಗಡಿಯವರು ಬರೆದುಕೊಡುವ ಚೀಟಿಯಲ್ಲಿ ಕಂಪ್ಯೂಟರಿನ ಬೆಲೆಯ ಕೆಳಗೆ ಇನ್ನೊಂದು ಸಾಲು ಇರುತ್ತದೆ: "ವಿಂಡೋಸ್".

ಸಂತೆಯಲ್ಲಿ ಕಾಲು ಕಿಲೋ ಬದನೆಕಾಯಿಯನ್ನೂ ತಿರುಗಿಸಿ ತಿರುಗಿಸಿ ನೋಡಿ ಕೊಳ್ಳುವ ನಾವು ಈ ಒಂದು ಸಾಲನ್ನು ಮಾತ್ರ ಕಣ್ಣು ಮುಚ್ಚಿಕೊಂಡು ಒಪ್ಪಿಬಿಡುತ್ತೇವೆ. "ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಇತ್ತಲ್ಲಾ, ಅದಕ್ಕೂ ದುಡ್ಡು ಕೊಟ್ಟಿದ್ದೆವಲ್ಲಾ, ಅದೇನಾಯಿತು?" ಎಂದು ಕೇಳುವವರು ಅಪರೂಪ. ಆದರೆ ಕೇಳಲೇಬೇಕಾದ ಪ್ರಶ್ನೆ ಅದು. ಕೆಲವೊಮ್ಮೆ ಆ ಹಳೆಯ ವಿಂಡೋಸನ್ನೇ ಇನ್ನೊಂದು ಕಂಪ್ಯೂಟರಿಗೆ ಸಾಗಿಸಬಹುದು. ಕೆಲವೊಮ್ಮೆ ಸಾಗಿಸಲು ಬರುವುದಿಲ್ಲ, ಆದರೆ ಸಾಗಿಸುವ ಅಗತ್ಯವೇ ಇರುವುದಿಲ್ಲ. ಅಂಥ ಕಡೆ ಹೊಸದಾಗಿ ಸಾವಿರಗಟ್ಟಲೆ ಸುರಿಯುವುದೆಂದರೆ ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲಾ ಅಲೆದ ಹಾಗೆಯೇ ಸರಿ.

ನಾವು ಕೊಂಡದ್ದು ಏನನ್ನು?

ಕಂಪ್ಯೂಟರ್ ಎಂಬ ಪೆಟ್ಟಿಗೆಗೆ ಸ್ವಂತ ಬುದ್ಧಿ ಇಲ್ಲ. ಕೀಲಿಮಣೆ ಒತ್ತಿದಾಗ ಅಕ್ಷರ ಮೂಡಿಸುವುದು, ಫೋಟೋ ತೆರೆಯುವುದು, ಪ್ರಿಂಟರಿಗೆ ಕಾಗದ ಕಳಿಸುವುದು, ಇವನ್ನೆಲ್ಲಾ ನಡೆಸಿಕೊಂಡು ಹೋಗಲು ಒಳಗೊಬ್ಬ ಯಜಮಾನಿ ಬೇಕು. ಅವಳನ್ನೇ ಆಪರೇಟಿಂಗ್ ಸಿಸ್ಟಂ ಅನ್ನುವುದು. ನಮ್ಮ ಕಡೆಯ ಬಹುಪಾಲು ಮನೆಗಳಲ್ಲಿ ಇರುವುದು ಅಮೆರಿಕದ ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್. 1985ರಲ್ಲಿ ಮೊದಲ ವಿಂಡೋಸ್ ಹೊರಬಂದಿತು. ಈಗ ಹೊಸ ಕಂಪ್ಯೂಟರುಗಳಲ್ಲಿ ಬರುವುದು 2021ರಲ್ಲಿ ಹೊರಬಂದ ವಿಂಡೋಸ್ 11.

ಇಲ್ಲೊಂದು ಸೂಕ್ಷ್ಮ ಇದೆ. ವಿಂಡೋಸಿಗೆ ದುಡ್ಡು ಕೊಟ್ಟಾಗ ನಾವು ಸೀರೆ ಕೊಂಡಂತೆ ಒಂದು ವಸ್ತುವನ್ನು ಕೊಳ್ಳುವುದಿಲ್ಲ. ಅದನ್ನು ಒಂದು ಕಂಪ್ಯೂಟರಿನಲ್ಲಿ ಬಳಸುವ ಅಪ್ಪಣೆಯನ್ನು ಕೊಳ್ಳುತ್ತೇವೆ. ಆ ಅಪ್ಪಣೆಗೆ ಲೈಸೆನ್ಸು ಎಂದು ಹೆಸರು. ಹಿಂದೆ ಒಂದೇ ಸಿಡಿಯನ್ನು ಹತ್ತು ಕಡೆ ಹಾಕಿದರೂ ಕೇಳುವವರಿರಲಿಲ್ಲ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗಿನಿಂದ 'ಆಕ್ಟಿವೇಶನ್' ಎಂಬ ಪದ್ಧತಿ ಶುರುವಾಯಿತು. ಐದೈದರ ಐದು ಗುಂಪು, ಒಟ್ಟು 25 ಅಕ್ಷರ ಮತ್ತು ಅಂಕಿಗಳ ಒಂದು ಗುಟ್ಟಿನ ಸಂಖ್ಯೆ ಕೊಡುತ್ತಾರೆ. ಅದಕ್ಕೆ 'ಪ್ರಾಡಕ್ಟ್ ಕೀ' ಎನ್ನುತ್ತಾರೆ. ಅದನ್ನು ಹಾಕಿದಾಗ ಈ ಕೀ ಈ ಯಂತ್ರದಲ್ಲಿದೆ ಎಂದು ಕಂಪನಿಯ ಲೆಕ್ಕಕ್ಕೆ ಸೇರುತ್ತದೆ. 2015ರಲ್ಲಿ ವಿಂಡೋಸ್ 10 ಬಂದ ಮೇಲೆ ಕೀ ಹಾಕದಿದ್ದರೂ ನಡೆಯುವಂತೆ 'ಡಿಜಿಟಲ್ ಲೈಸೆನ್ಸ್' ಬಂತು. ಆ ಯಂತ್ರದ ಗುರುತನ್ನು, ಮುಖ್ಯವಾಗಿ ಅದರ ಮದರ್‌ಬೋರ್ಡಿನ ಗುರುತನ್ನು, ಕಂಪನಿಯವರು ತಮ್ಮ ಕಡೆ ಬರೆದಿಟ್ಟುಕೊಳ್ಳುತ್ತಾರೆ.

ಹಾಗಾಗಿ ಬೋರ್ಡು ಸುಟ್ಟುಹೋದರೆ ಯಂತ್ರ ಹೋಯಿತೇ ಹೊರತು ಅಪ್ಪಣೆ ಸುಡುವುದಿಲ್ಲ. ಆ ಅಪ್ಪಣೆ ಇನ್ನೊಂದು ಯಂತ್ರಕ್ಕೆ ಸಲ್ಲುತ್ತದೆಯೇ ಎಂಬುದಷ್ಟೇ ಪ್ರಶ್ನೆ.

ಬೀರುವೋ, ಗೋಡೆಕಪಾಟೋ?

ಬಾಡಿಗೆ ಮನೆ ಬಿಡುವಾಗ ನಮ್ಮ ಬೀರು ನಮ್ಮ ಜೊತೆ ಲಾರಿ ಹತ್ತುತ್ತದೆ. ಗೋಡೆಯೊಳಗೆ ಕಟ್ಟಿದ ಕಪಾಟು ಮಾತ್ರ ಎಷ್ಟೇ ಚೆಂದವಿದ್ದರೂ ಆ ಮನೆಗೇ ಸೇರಿದ್ದು, ಕಿತ್ತುಕೊಂಡು ಹೋಗಲು ಬರುವುದಿಲ್ಲ. ವಿಂಡೋಸ್ ಲೈಸೆನ್ಸಿನಲ್ಲೂ ಹೀಗೇ ಎರಡು ಜಾತಿ.

ಮೊದಲನೆಯದು 'ರಿಟೇಲ್'. ಕಂಪ್ಯೂಟರಿನ ಜೊತೆಗಲ್ಲದೆ ಬೇರೆಯಾಗಿ, ಡಬ್ಬಿಯಲ್ಲೋ ಕಂಪನಿಯ ಆನ್‌ಲೈನ್ ಅಂಗಡಿಯಲ್ಲೋ ಕೊಂಡದ್ದು. ಇದು ಬೀರು ಇದ್ದ ಹಾಗೆ. ಹಳೆಯ ಕಂಪ್ಯೂಟರಿನಿಂದ ತೆಗೆದು ಹೊಸದಕ್ಕೆ ಹಾಕಿಕೊಳ್ಳಲು ಕಂಪನಿಯ ಕರಾರಿನಲ್ಲೇ ಅವಕಾಶವಿದೆ. ಒಂದೇ ಷರತ್ತು: ಒಂದು ಸಲಕ್ಕೆ ಒಂದೇ ಯಂತ್ರದಲ್ಲಿ ಇರಬೇಕು.

ಎರಡನೆಯದು 'ಒಇಎಂ'. ಲ್ಯಾಪ್‌ಟಾಪು ತಯಾರಿಸುವ ಕಂಪನಿಗಳೇ ಒಳಗೆ ಹಾಕಿ ಕೊಡುವ ವಿಂಡೋಸ್ ಇದು. ಇದು ಗೋಡೆಕಪಾಟು. ಯಾವ ಯಂತ್ರದ ಜೊತೆ ಬಂತೋ ಅದರ ಜೊತೆಯಲ್ಲೇ ಬಾಳಿ ಅದರ ಜೊತೆಯಲ್ಲೇ ಮುಗಿಯತಕ್ಕದ್ದು. ಅಂಗಡಿಯಿಂದ ನಾವು ತರುವ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಿನವು ಈ ಜಾತಿಯವೇ. ಆಮೇಲೆ ವಿಂಡೋಸ್ 10ರಿಂದ 11ಕ್ಕೆ ಉಚಿತವಾಗಿ ಏರಿಸಿಕೊಂಡಿದ್ದರೂ ಜಾತಿ ಬದಲಾಗುವುದಿಲ್ಲ. ಕಪಾಟಿಗೆ ಹೊಸ ಬಣ್ಣ ಹೊಡೆದ ಮಾತ್ರಕ್ಕೆ ಅದು ಬೀರುವಾಗುತ್ತದೆಯೇ?

ಇವೆರಡೂ ಅಲ್ಲದೆ ಆಫೀಸುಗಳಿಗೆಂದು ಸಗಟಾಗಿ ಕೊಡುವ 'ವಾಲ್ಯೂಮ್' ಲೈಸೆನ್ಸು ಒಂದಿದೆ. ಯಜಮಾನರ ಆಫೀಸಿನವರು ಹಾಕಿಕೊಟ್ಟದ್ದು ಆಫೀಸಿನದೇ. ಅದರ ಮೇಲೆ ಮನೆಯವರಿಗೆ ಹಕ್ಕಿಲ್ಲ.

ನಿಮ್ಮದು ಯಾವ ಜಾತಿ?

ಕಂಪ್ಯೂಟರ್ ಇನ್ನೂ ಓಡುತ್ತಿರುವಾಗಲೇ ಇದನ್ನು ನೋಡಿಟ್ಟುಕೊಳ್ಳುವುದು ಜಾಣತನ. ವಿಂಡೋಸ್ ಚಿಹ್ನೆಯಿರುವ ಗುಂಡಿಯನ್ನೂ ಆರ್ ಅಕ್ಷರದ ಗುಂಡಿಯನ್ನೂ ಒಟ್ಟಿಗೆ ಒತ್ತಿ. ಒಂದು ಪುಟ್ಟ ಚೌಕ ತೆರೆಯುತ್ತದೆ. ಅದರಲ್ಲಿ ಎಸ್, ಎಲ್, ಎಂ, ಜಿ, ಆರ್ ಎಂಬ ಐದು ಇಂಗ್ಲಿಷ್ ಅಕ್ಷರಗಳನ್ನು ಒತ್ತಾಗಿ ಹೊಡೆದು, ಒಂದು ಜಾಗ ಬಿಟ್ಟು, ಪ್ರಶ್ನಾರ್ಥಕ ಚಿಹ್ನೆಯಿರುವ ಗುಂಡಿಯಲ್ಲಿನ ಓರೆಗೆರೆ ಹಾಕಿ, ಅದಕ್ಕೆ ಅಂಟಿಕೊಂಡಂತೆ ಡಿ, ಎಲ್, ಐ ಎಂದು ಹೊಡೆದು ಎಂಟರ್ ಒತ್ತಿ. ಸ್ವಲ್ಪ ಹೊತ್ತಿನಲ್ಲಿ ಒಂದು ಸಣ್ಣ ಕಿಟಕಿ ಬರುತ್ತದೆ. ಅದರಲ್ಲಿ ಒಇಎಂ, ರಿಟೇಲ್, ವಾಲ್ಯೂಮ್ ಎಂಬ ಮೂರರಲ್ಲಿ ಒಂದು ಪದವನ್ನು ಇಂಗ್ಲಿಷಿನಲ್ಲಿ ಬರೆದಿರುತ್ತದೆ.

ಆದರೆ ಇದೊಂದನ್ನೇ ನಂಬಿ ಕೂರಬೇಡಿ. ಉಚಿತವಾಗಿ ಮೇಲಿನ ಆವೃತ್ತಿಗೆ ಏರಿಸಿಕೊಂಡ ಕೆಲವು ಹಳೆಯ ಯಂತ್ರಗಳೂ ರಿಟೇಲ್ ಎಂದೇ ತೋರಿಸುತ್ತವೆ. ಕೊನೆಯ ಸಾಕ್ಷಿ ಬಿಲ್ಲು. ವಿಂಡೋಸಿಗೆಂದು ಬೇರೆಯೇ ಬಿಲ್ಲು, ಡಬ್ಬಿ ಅಥವಾ 25 ಅಕ್ಷರದ ಕೀ ಇರುವ ಕಾರ್ಡು ನಿಮ್ಮಲ್ಲಿದ್ದರೆ ಅದು ಬೀರು. ಲ್ಯಾಪ್‌ಟಾಪಿನ ಬೆಲೆಯಲ್ಲೇ ಸೇರಿ ಬಂದಿದ್ದರೆ ಕಪಾಟು. ಸೆಟ್ಟಿಂಗ್ಸ್‌ನಲ್ಲಿ 'ಸಿಸ್ಟಂ' ಎಂಬಲ್ಲಿ 'ಅಬೌಟ್' ತೆರೆದಾಗ 'ಹೋಂ ಸಿಂಗಲ್ ಲ್ಯಾಂಗ್ವೇಜ್' ಎಂದು ಕಂಡರೆ ಅದೂ ಹೆಚ್ಚುಕಡಿಮೆ ಕಪಾಟೇ. ನಮ್ಮ ದೇಶದಲ್ಲಿ ಮಾರುವ ಅನೇಕ ಲ್ಯಾಪ್‌ಟಾಪುಗಳಲ್ಲಿ ತಯಾರಕರು ಹಾಕಿಕೊಡುವುದು ಇದನ್ನೇ.

ಕಪಾಟಾದರೂ ಕಂಗಾಲಾಗಬೇಕಿಲ್ಲ

"ಹಾಗಾದ್ರೆ ನಮ್ಮ ಲ್ಯಾಪ್‌ಟಾಪಿನ ವಿಂಡೋಸ್ ಹೋದ ಹಾಗೇನಾ?" ಎಂದು ನಿಟ್ಟುಸಿರಿಡಬೇಡಿ. ಹೊಸ ಲ್ಯಾಪ್‌ಟಾಪು ಕೊಳ್ಳುವಿರಾದರೆ ಸಾಮಾನ್ಯವಾಗಿ ಅದರ ಬೆಲೆಯಲ್ಲೇ ಅದರದ್ದೇ ವಿಂಡೋಸ್ ಸೇರಿರುತ್ತದೆ. ಸೆಕೆಂಡ್ ಹ್ಯಾಂಡ್ ಕೊಂಡರೂ ಬಹಳಷ್ಟು ಸಲ ಹೀಗೆಯೇ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ತಯಾರಕರು ಕೀಯನ್ನು ಲ್ಯಾಪ್‌ಟಾಪಿನ ಬೆನ್ನಿಗೆ ಚೀಟಿಯಾಗಿ ಅಂಟಿಸುವುದನ್ನು ಬಿಟ್ಟು ಮದರ್‌ಬೋರ್ಡಿನ ಚಿಪ್ಪಿನೊಳಗೇ ಬರೆದಿಡುತ್ತಾರೆ. ವಿಂಡೋಸ್ 10 ಅಥವಾ 11ರ ಜೊತೆ ಮಾರಾಟವಾದ ಲ್ಯಾಪ್‌ಟಾಪಿಗೆ ಅದೇ ಜಾತಿಯ ವಿಂಡೋಸನ್ನು ಹೊಸದಾಗಿ ಹಾಕಿದರೆ ಅದು ಕೀಯನ್ನು ಕೇಳುವುದೇ ಇಲ್ಲ. ಚಿಪ್ಪಿನಿಂದ ತಾನೇ ಓದಿಕೊಂಡು, ಇಂಟರ್ನೆಟ್ ಸಿಕ್ಕ ಕೂಡಲೇ ಆಕ್ಟಿವೇಟ್ ಆಗಿಬಿಡುತ್ತದೆ.

ಆದ್ದರಿಂದ ಸೆಕೆಂಡ್ ಹ್ಯಾಂಡ್ ಯಂತ್ರ ಕೊಳ್ಳುವಾಗ ಅಂಗಡಿಯಲ್ಲೇ ಆನ್ ಮಾಡಿಸಿ. ಸೆಟ್ಟಿಂಗ್ಸ್, ಸಿಸ್ಟಂ, ಆಕ್ಟಿವೇಶನ್ ಎಂದು ಒಂದೊಂದಾಗಿ ತೆರೆಸಿ, 'ಆಕ್ಟಿವ್' ಎಂದಿದೆಯೇ ಎಂದು ಕಣ್ಣಾರೆ ನೋಡಿ. ಇದ್ದರೆ "ವಿಂಡೋಸಿಗೆ ಬೇರೆ ದುಡ್ಡು ಯಾತಕ್ಕೆ?" ಎಂದು ಕೇಳುವುದು ನಿಮ್ಮ ಹಕ್ಕು. ಹಾಕಿಕೊಟ್ಟ ಕೂಲಿಯನ್ನು ಕೇಳಿದರೆ ಅದು ನ್ಯಾಯ, ಕೊಡೋಣ. ಕೂಲಿ ಬೇರೆ, ಲೈಸೆನ್ಸಿನ ಬೆಲೆ ಬೇರೆ.

ಹಳೆಯ ವಿಂಡೋಸ್ 7 ಅಥವಾ 8ರ ಕೀಗಳ ವಿಷಯ ಹಾಗಲ್ಲ. ಅವುಗಳಿಂದ ವಿಂಡೋಸ್ 10ಕ್ಕೆ ಏರುವ ಉಚಿತ ಅವಕಾಶ 2016ರ ಜುಲೈ 29ಕ್ಕೇ ಮುಗಿದಿತ್ತು. ಆಮೇಲೂ ಹಿಂಬಾಗಿಲಿನಿಂದ ನಡೆಯುತ್ತಿತ್ತು. 2023ರಲ್ಲಿ ಆ ಬಾಗಿಲನ್ನೂ ಮುಚ್ಚಿದರು. ಅಟ್ಟದ ಮೇಲಿನ ಹಳೆಯ ಡಬ್ಬಿಯನ್ನು ನಂಬಿ ಹೊಸ ಯಂತ್ರ ಕೊಳ್ಳಬೇಡಿ.

ಒಂದು ಮನೆಯ ಮಾತು

ನಮ್ಮ ಪರಿಚಯದ ಸೋದರಿಯೊಬ್ಬರು ತಮ್ಮ ಬಡಾವಣೆಯ ಸ್ವಸಹಾಯ ಸಂಘದ ಲೆಕ್ಕವನ್ನು ಮನೆಯ ಕಂಪ್ಯೂಟರಿನಲ್ಲೇ ಇಡುತ್ತಾರೆ. 2019ರಲ್ಲಿ ಬಿಡಿಭಾಗ ಜೋಡಿಸಿ ಮಾಡಿಸಿದ ಕಂಪ್ಯೂಟರದು. ವಿಂಡೋಸ್ 10 ಅನ್ನು ಆಗಲೇ ಡಬ್ಬಿಯ ಸಮೇತ ಬೇರೆಯಾಗಿ ಕೊಂಡಿದ್ದರು. ಒಂದು ಮುಂಗಾರಿನ ಸಂಜೆ ಸಿಡಿಲು ಬಡಿದು ಬೋರ್ಡು ಸುಟ್ಟಿತು. ಅಂಗಡಿಯ ಹುಡುಗ ಹೊಸದರ ಲೆಕ್ಕ ಬರೆಯುತ್ತಾ, "ಅಕ್ಕಾ, ಹಳೇದು ಹೋಯ್ತು ಅಂದ್ರೆ ಅದರ ಜೊತೆ ವಿಂಡೋಸೂ ಹೋಯ್ತು. ಹೊಸ ಲೈಸೆನ್ಸ್ ಹಾಕ್ಬೇಕು" ಅಂದನಂತೆ.

"ಅಲ್ಲಪ್ಪಾ, ಅದನ್ನ ಬೇರೆ ಬಿಲ್ಲು ಮಾಡಿಸಿ ತಗೊಂಡಿದ್ದು. ಕಾರ್ಡು ಇದೆ ನನ್ನ ಹತ್ರ. ಅದನ್ನೇ ಹಾಕಿ ನೋಡು" ಎಂದು ಇವರು.

"ಅದು ಬರಲ್ಲ ಅಕ್ಕಾ."

"ಬರದೆ ಹೋದ್ರೆ ಹೊಸದು ತಗೋತೀನಿ. ಮೊದಲು ಹಾಕಿ ನೋಡಪ್ಪಾ."

ಹಾಕಿದ. ಬಂತು. ಸಂಘದ ಹನ್ನೆರಡು ಹೆಂಗಸರು ವಾರವಾರ ಕೂಡಿಸಿದ ದುಡ್ಡಿನಲ್ಲಿ ಒಂದು ದೊಡ್ಡ ಗಂಟು ಉಳಿಯಿತು. ಆ ಹುಡುಗ ಮೋಸ ಮಾಡಲು ಹೇಳಿದ್ದೆಂದು ಆ ಸೋದರಿಯೂ ಅನ್ನುವುದಿಲ್ಲ. ದಿನಾ ಕಪಾಟುಗಳನ್ನೇ ನೋಡುವವನಿಗೆ ಬೀರುವಿನ ನೆನಪಾಗಲಿಲ್ಲ, ಅಷ್ಟೆ. ನೆನಪಿಸಲು ಮನೆಯವಳಿಗೆ ಗೊತ್ತಿರಬೇಕು.

ಬೀರು ಸಾಗಿಸುವ ಕ್ರಮ

ರಿಟೇಲ್ ಲೈಸೆನ್ಸು ಇದ್ದವರು ಮಾಡಬೇಕಾದದ್ದು ಹೀಗೆ:

1. ಹಳೆಯ ಕಂಪ್ಯೂಟರ್ ಹೇಗೋ ಒಮ್ಮೆ ಏಳುವಂತಿದ್ದರೆ ಅದರಿಂದ ಕೀಯನ್ನು ತೆಗೆಸಿ. ಪೂರ್ತಿ ಸತ್ತಿದ್ದರೆ ತೆಗೆಯುವ ಪ್ರಶ್ನೆ ಇಲ್ಲ. ಆದರೆ ಮುಂದೆ ಅದನ್ನು ರಿಪೇರಿ ಮಾಡಿಸಿದರೆ ಅದರಲ್ಲಿ ಅದೇ ಲೈಸೆನ್ಸನ್ನು ಮತ್ತೆ ಓಡಿಸಬಾರದು.

2. ಹಳೆಯದರಲ್ಲಿ ಯಾವ ವಿಂಡೋಸ್ ಇತ್ತೋ ಹೊಸದರಲ್ಲೂ ಅದೇ ಜಾತಿಯದು ಬೇಕು. 'ಹೋಂ' ಇದ್ದವರಿಗೆ ಹೋಂ, 'ಪ್ರೊ' ಇದ್ದವರಿಗೆ ಪ್ರೊ. ಹೋಂ ಲೈಸೆನ್ಸಿನಿಂದ ಪ್ರೊ ನಡೆಯುವುದಿಲ್ಲ.

3. ವಿಂಡೋಸನ್ನು ಇಳಿಸಿಕೊಳ್ಳುವುದಕ್ಕೆ ದುಡ್ಡಿಲ್ಲ. ಮೈಕ್ರೋಸಾಫ್ಟಿನವರ ಸ್ವಂತ ತಾಣದಿಂದ 8 ಜಿಬಿಯ ಪೆನ್‌ಡ್ರೈವಿಗೆ ಇಳಿಸಿಕೊಂಡು ಹಾಕಬಹುದು. ಆ ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದೆಲ್ಲಾ ಅಳಿಸಿಹೋಗುತ್ತದೆ, ಮದುವೆ ಫೋಟೋ ಇರುವುದನ್ನು ಕೊಟ್ಟೀರಿ!

4. ಹಾಕುವಾಗ ಕೀ ಕೇಳಿದರೆ ಕಾರ್ಡಿನಲ್ಲಿರುವ 25 ಅಕ್ಷರಗಳನ್ನು ಹೊಡೆಯಿರಿ. ಆಮೇಲೂ ಹೊಡೆಯಬಹುದು. ಸೆಟ್ಟಿಂಗ್ಸ್, ಸಿಸ್ಟಂ, ಆಕ್ಟಿವೇಶನ್ ತೆರೆದು 'ಚೇಂಜ್ ಪ್ರಾಡಕ್ಟ್ ಕೀ' ಎಂಬಲ್ಲಿ ಹಾಕಿದರಾಯಿತು.

5. ಕಾರ್ಡು ಕಳೆದಿದ್ದರೂ, ಹಳೆಯ ಕಂಪ್ಯೂಟರಿಗೆ ಮೈಕ್ರೋಸಾಫ್ಟ್ ಖಾತೆ ಜೋಡಿಸಿದ್ದರೆ ದಾರಿ ಇದೆ. ಹೊಸದರಲ್ಲೂ ಅದೇ ಖಾತೆಯಿಂದ ಒಳಹೊಕ್ಕು, ಆಕ್ಟಿವೇಶನ್ ಪುಟದಲ್ಲಿ 'ಟ್ರಬಲ್‌ಶೂಟ್' ಒತ್ತಿ, ಇತ್ತೀಚೆಗೆ ಹಾರ್ಡ್‌ವೇರ್ ಬದಲಾಯಿಸಿದೆ ಎಂಬ ಸಾಲನ್ನು ಆರಿಸಿ. ನಿಮ್ಮ ಯಂತ್ರಗಳ ಪಟ್ಟಿ ಬರುತ್ತದೆ. ಅದರಲ್ಲಿ ಹಳೆಯದರ ಹೆಸರನ್ನು ಗುರುತಿಸಬೇಕು. ಆದ್ದರಿಂದ ಕೆಲಸ ಮುಗಿಯುವವರೆಗೆ ಖಾತೆಯ ಪಟ್ಟಿಯಿಂದ ಹಳೆಯ ಕಂಪ್ಯೂಟರನ್ನು ಅಳಿಸಬೇಡಿ.

6. ಯಾವುದಕ್ಕೂ ಬಗ್ಗದಿದ್ದರೆ ವಿಂಡೋಸಿನೊಳಗೇ ಇರುವ 'ಗೆಟ್ ಹೆಲ್ಪ್' ಮೂಲಕ ಕಂಪನಿಯವರನ್ನು ಕೇಳಿ. ಬಿಲ್ಲು ಕೈಯಲ್ಲಿರಲಿ. ಇಂಟರ್ನೆಟ್ಟಿನಲ್ಲಿ ಹುಡುಕಿ ಸಿಕ್ಕ ಯಾವುದೋ ನಂಬರಿಗೆ ಫೋನ್ ಮಾಡಬೇಡಿ. ಕಂಪನಿಯ ಹೆಸರು ಹೇಳಿಕೊಂಡು ಬ್ಯಾಂಕಿನ ದುಡ್ಡು ಲಪಟಾಯಿಸುವವರು ಅಲ್ಲಿ ಕಾದಿರುತ್ತಾರೆ. ಹಾಗೇನಾದರೂ ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಸೈಬರ್ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ ಅದು.

ಇದಕ್ಕೆಲ್ಲಾ ಆತುರವೂ ಬೇಡ. ಆಕ್ಟಿವೇಟ್ ಆಗದ ವಿಂಡೋಸೂ ಓಡುತ್ತದೆ. ಪರದೆಯ ಬಲಗಡೆ ಕೆಳಮೂಲೆಯಲ್ಲಿ ನೆನಪಿಸುವ ಸಾಲೊಂದು ಇರುತ್ತದೆ, ಹಿನ್ನೆಲೆಯ ಚಿತ್ರ ಬದಲಾಯಿಸಲು ಬಿಡುವುದಿಲ್ಲ, ಅಷ್ಟೆ. "ಇವತ್ತೇ ತಗೊಳ್ಳದಿದ್ರೆ ಕಂಪ್ಯೂಟರೇ ನಿಂತುಹೋಗುತ್ತೆ" ಎಂದು ಯಾರಾದರೂ ಹೆದರಿಸಿದರೆ ಹೆದರಬೇಡಿ. ಬಿಲ್ಲು ಹುಡುಕಲು ನಾಲ್ಕು ದಿನ ತೆಗೆದುಕೊಳ್ಳಿ.

ಅಂದ ಹಾಗೆ, ವಿಂಡೋಸ್ 10ಕ್ಕೆ ಕಂಪನಿ ಕೊಡುತ್ತಿದ್ದ ಸಾಮಾನ್ಯ ರಕ್ಷಣೆ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೇಗೂ ಯಂತ್ರ ಬದಲಾಗುತ್ತಿರುವಾಗ 11ಕ್ಕೆ ಏರುವುದು ಒಳ್ಳೆಯದು. ಲೈಸೆನ್ಸು ಇರುವ ವಿಂಡೋಸ್ 10ರಿಂದ 11ಕ್ಕೆ ಏರಲು ದುಡ್ಡಿಲ್ಲ, ಆದರೆ ಯಂತ್ರ ಅದಕ್ಕೆ ತಕ್ಕದಾಗಿರಬೇಕು. ತೀರಾ ಹಳೆಯ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪುಗಳಲ್ಲಿ 11ಕ್ಕೆ ಬೇಕಾದ 'ಟಿಪಿಎಂ 2.0' ಎಂಬ ರಕ್ಷಣೆಯ ಚಿಪ್ಪು ಇರುವುದಿಲ್ಲ. ಕೊಳ್ಳುವ ಮುಂಚೆ ಕೇಳಿ.

ರಿಟೇಲ್ ಲೈಸೆನ್ಸು ಇದ್ದವರಿಗೆ ಇನ್ನೊಂದು ಉಳಿತಾಯವೂ ಉಂಟು. 'ಡಾಸ್ ಲ್ಯಾಪ್‌ಟಾಪ್' ಎಂದು ವಿಂಡೋಸ್ ಇಲ್ಲದೆಯೇ ಮಾರುವ ಯಂತ್ರಗಳಿವೆ. ಅದನ್ನು ಕೊಂಡು ನಿಮ್ಮ ಬೀರುವನ್ನು ಅಲ್ಲಿಗೆ ಸಾಗಿಸಬಹುದು.

ಕೆಟ್ಟದ್ದು ಯಾವ ಭಾಗ?

ಎಷ್ಟೋ ಸಲ ಇನ್ನೊಂದು ಕಂಪ್ಯೂಟರೇ ಬೇಕಾಗುವುದಿಲ್ಲ. ಪರದೆ ಒಡೆದಿರಲಿ, ಕೀಲಿಮಣೆ ಕೆಟ್ಟಿರಲಿ, ಬ್ಯಾಟರಿ ಉಬ್ಬಿರಲಿ, ಹಾರ್ಡ್ ಡಿಸ್ಕು ಹೋಗಿರಲಿ, ಇವನ್ನು ಬದಲಾಯಿಸಿದರೆ ಲೈಸೆನ್ಸಿಗೆ ಧಕ್ಕೆಯಿಲ್ಲ. ಬೋರ್ಡು ಅದೇ ಇದ್ದರೆ ಗೋಡೆ ಅದೇ. ಕಪಾಟೂ ಇದ್ದಲ್ಲೇ ಇರುತ್ತದೆ. ನಿಧಾನವಾಗಿದೆ ಎಂದು ಹಳೆಯ ಡಿಸ್ಕು ತೆಗೆಸಿ ಎಸ್‌ಎಸ್‌ಡಿ ಹಾಕಿಸುವುದು ಈಗ ಸಾಮಾನ್ಯ. ಅದಕ್ಕೆ ಡಿಸ್ಕಿನ ಬೆಲೆಯೂ ಕೂಲಿಯೂ ಸರಿ. "ಹೊಸ ವಿಂಡೋಸ್ ಲೈಸೆನ್ಸು" ಎಂದು ಬರೆದಿದ್ದರೆ ವಿವರ ಕೇಳಿ.

ಮದರ್‌ಬೋರ್ಡನ್ನೇ ಬದಲಾಯಿಸಬೇಕಾದರೆ ಸಾಧ್ಯವಾದಷ್ಟೂ ಆ ತಯಾರಕರ ಅಧಿಕೃತ ಸರ್ವಿಸ್ ಸೆಂಟರಿನಲ್ಲೇ ಮಾಡಿಸಿ. ಕೆಟ್ಟ ಬೋರ್ಡಿನ ಬದಲು ಅವರು ಅದೇ ತರಹದ ಬೋರ್ಡು ಹಾಕಿದರೆ ಕಪಾಟಿನ ಲೈಸೆನ್ಸೂ ಉಳಿಯುತ್ತದೆ. "ವಿಂಡೋಸ್ ಆಕ್ಟಿವ್ ಆಗಿರೋದನ್ನ ತೋರಿಸಿ ಕೊಡಿ" ಎಂದು ಹೇಳಿ, ನೋಡಿಯೇ ಮನೆಗೆ ತನ್ನಿ.

ಫೋಟೋ, ಲೆಕ್ಕ, ಕಾಗದಪತ್ರ

ಲೈಸೆನ್ಸು ಬಂದ ಮಾತ್ರಕ್ಕೆ ನಿಮ್ಮ ಫೋಟೋಗಳು ಹಿಂಬಾಲಿಸಿ ಬರುವುದಿಲ್ಲ. ಅವು ಇರುವುದು ಡಿಸ್ಕಿನಲ್ಲಿ. ಬೋರ್ಡು ಸತ್ತರೂ ಡಿಸ್ಕು ಸಾಮಾನ್ಯವಾಗಿ ಬದುಕಿರುತ್ತದೆ. ಅದನ್ನು ಬಿಚ್ಚಿಸಿ, ಅದಕ್ಕೆಂದೇ ಸಿಗುವ ಹೊರಪೆಟ್ಟಿಗೆಯಲ್ಲಿ ಕೂರಿಸಿದರೆ ಪೆನ್‌ಡ್ರೈವಿನಂತೆ ಹೊಸ ಕಂಪ್ಯೂಟರಿಗೆ ಚುಚ್ಚಿ ಎಲ್ಲವನ್ನೂ ಎತ್ತಿಕೊಳ್ಳಬಹುದು. ಕೆಲವು ಅಗ್ಗದ, ತೆಳ್ಳನೆಯ ಲ್ಯಾಪ್‌ಟಾಪುಗಳಲ್ಲಿ ಮಾತ್ರ ಡಿಸ್ಕನ್ನು ಬೋರ್ಡಿಗೇ ಬೆಸೆದಿರುತ್ತಾರೆ, ತೆಗೆಯಲು ಬರುವುದಿಲ್ಲ. ಹಳೆಯದನ್ನು ಬದಲಿಗೆ ಕೊಡುವಾಗ ಡಿಸ್ಕನ್ನು ಕೈಗೆ ತೆಗೆದುಕೊಳ್ಳದೆ ಅಂಗಡಿ ಬಿಟ್ಟು ಬರಬೇಡಿ. ಬ್ಯಾಂಕಿನ ಕಾಗದ, ಆಧಾರ್ ಪ್ರತಿ, ಮಕ್ಕಳ ಫೋಟೋ ಎಲ್ಲಾ ಅದರಲ್ಲಿರುತ್ತವೆ.

ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದ ಹಳೆಯ ಕಡತಗಳು ಹೊಸ ಕಂಪ್ಯೂಟರಿನಲ್ಲಿ ಗೋಜಲು ಗೋಜಲಾಗಿ ಕಂಡರೆ ಹಾಳಾಯಿತೆಂದು ಅಳಬೇಡಿ. ಆ ಅಕ್ಷರದಚ್ಚು ಹೊಸದರಲ್ಲಿ ಇಲ್ಲದ್ದೇ ಕಾರಣ. ಕನ್ನಡ ಗಣಕ ಪರಿಷತ್ತಿನವರು ರೂಪಿಸಿದ ನುಡಿ ಉಚಿತವಾಗಿ ಸಿಗುತ್ತದೆ. ಹಾಕಿದರೆ ಕನ್ನಡ ಮೂಡುತ್ತದೆ. ಮೈಕ್ರೋಸಾಫ್ಟ್ ಆಫೀಸಿನ ಮಾತು ಮಾತ್ರ ವಿಂಡೋಸಿನ ಹಾಗೆಯೇ. ಲ್ಯಾಪ್‌ಟಾಪಿನ ಜೊತೆ ಬಂದದ್ದು ಅದರ ಜೊತೆಗೇ. ವರ್ಷವರ್ಷ ಚಂದಾ ಕಟ್ಟುವ 'ಮೈಕ್ರೋಸಾಫ್ಟ್ 365' ಆದರೆ ಖಾತೆಯ ಜೊತೆ ಹೊಸ ಯಂತ್ರಕ್ಕೂ ಬರುತ್ತದೆ.

ಖಾತೆ ಯಾರ ಹೆಸರಿನಲ್ಲಿದೆ?

ಈ ಲೇಖನದಲ್ಲಿ ಬೇರೆಲ್ಲಾ ಮರೆತರೂ ಇದೊಂದನ್ನು ಮರೆಯಬೇಡಿ. ಹೊಸ ಕಂಪ್ಯೂಟರ್ ಶುರುಮಾಡುವಾಗ ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ನಮಗೆ ತಿಳಿಯದೆಂದು ಅಂಗಡಿಯ ಹುಡುಗ ತನ್ನದೇ ಇಮೇಲ್ ಹಾಕಿ ಮುಗಿಸಿಬಿಡುವುದುಂಟು. ಇಲ್ಲವೇ ಓದಲು ದೂರದ ಊರಿಗೆ ಹೋದ ಮಗ ತನ್ನ ಕಾಲೇಜಿನ ಇಮೇಲ್ ಕೊಟ್ಟಿರುತ್ತಾನೆ. ಕಂಪ್ಯೂಟರ್ ಚೆನ್ನಾಗಿರುವಷ್ಟು ದಿನ ಇದು ಯಾರಿಗೂ ಗೊತ್ತಾಗುವುದಿಲ್ಲ. ಕೆಟ್ಟ ದಿನ ಗೊತ್ತಾಗುತ್ತದೆ. ಡಿಜಿಟಲ್ ಲೈಸೆನ್ಸು ಜೋಡಣೆಯಾಗಿರುವುದು ಆ ಖಾತೆಗೆ. ಹುಡುಗ ಅಂಗಡಿ ಬಿಟ್ಟು ಬೆಂಗಳೂರು ಸೇರಿರುತ್ತಾನೆ, ಕಾಲೇಜಿನ ಇಮೇಲ್ ಓದು ಮುಗಿದ ಮೇಲೆ ಮುಚ್ಚಿಹೋಗಿರುತ್ತದೆ.

ಲೈಸೆನ್ಸಾದರೂ ಹೋಗಲಿ, ದುಡ್ಡು ಕೊಟ್ಟರೆ ಇನ್ನೊಂದು ಬರುತ್ತದೆ. ಇದಕ್ಕಿಂತ ಗಂಭೀರವಾದದ್ದು ಬೀಗದ ವಿಷಯ. ಇತ್ತೀಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕಾಗ ಡಿಸ್ಕಿಗೆ ತಾನಾಗಿಯೇ ಬೀಗ ಬೀಳುತ್ತದೆ. ಕಳ್ಳರ ಕೈಗೆ ಸಿಕ್ಕರೆ ಓದಲಾಗದಿರಲಿ ಎಂದು ಮಾಡಿದ ಏರ್ಪಾಡು ಅದು. ಆದರೆ ಬೋರ್ಡು ಕೆಟ್ಟು ಡಿಸ್ಕನ್ನು ಬೇರೆ ಕಡೆ ಚುಚ್ಚಿದಾಗ ನಮಗೂ ಅದು ಓದಗೊಡುವುದಿಲ್ಲ. 48 ಅಂಕಿಗಳ 'ರಿಕವರಿ ಕೀ' ಕೇಳುತ್ತದೆ. ಆ ಅಂಕಿಗಳು ಕೂತಿರುವುದೂ ಅದೇ ಖಾತೆಯಲ್ಲಿ. ಖಾತೆ ಸಿಕ್ಕದಿದ್ದರೆ ಫೋಟೋ ಸಿಕ್ಕದು. ಯಾವ ರಿಪೇರಿಯವರಿಂದಲೂ ಅದು ಸಾಧ್ಯವಿಲ್ಲ.

ಮನೆಯ ಯಜಮಾನರು ತೀರಿಕೊಂಡ ಮೇಲೆ ಅವರ ಲ್ಯಾಪ್‌ಟಾಪಿನ ಗುಟ್ಟಿನ ಪದ ಯಾರಿಗೂ ಗೊತ್ತಿಲ್ಲದೆ, ಅವರ ಕೊನೆಯ ವರ್ಷಗಳ ಫೋಟೋಗಳನ್ನೂ ವಿಮೆಯ ಕಾಗದಗಳನ್ನೂ ಕಳೆದುಕೊಂಡ ಸಂಸಾರವನ್ನು ನಾನು ಬಲ್ಲೆ. ಲಾಕರಿನ ಬೀಗದಕೈ ಎಲ್ಲಿದೆ ಎಂದು ಹೆಂಡತಿಗೆ ಹೇಳಿಡುವ ಗಂಡಸರು ಇದನ್ನು ಮಾತ್ರ ಹೇಳುವುದಿಲ್ಲ. ಕೇಳಿ ತಿಳಿದುಕೊಳ್ಳುವುದರಲ್ಲಿ ಅಪನಂಬಿಕೆಯ ಮಾತೇನಿಲ್ಲ. ಖಾತೆ ಮನೆಯಲ್ಲಿರುವವರ ಇಮೇಲ್ ಮತ್ತು ಫೋನ್ ನಂಬರಿನಲ್ಲಿ ಇರಲಿ, ಕನಿಷ್ಠ ಇಬ್ಬರಿಗೆ ಗೊತ್ತಿರಲಿ. ಆ 48 ಅಂಕಿಗಳನ್ನು ಕಾಗದದಲ್ಲಿ ಬರೆದು ಒಡವೆಯ ಜೊತೆ ಇಡಿ.

ಅಗ್ಗದ ಕೀ, ಕದ್ದ ಕೀ

ಇಂಟರ್ನೆಟ್ಟಿನಲ್ಲಿ ಕೆಲವೇ ನೂರು ರೂಪಾಯಿಗೆ ವಿಂಡೋಸ್ ಕೀ ಮಾರುವವರಿದ್ದಾರೆ. ಇವುಗಳಲ್ಲಿ ಬಹಳಷ್ಟು ಯಾವುದೋ ಆಫೀಸಿಗೆಂದು ಕೊಟ್ಟ ಸಗಟು ಕೀಗಳು ಅಥವಾ ಬೇರೆಯವರ ಕೀಗಳು. ಇವತ್ತು ನಡೆದದ್ದು ನಾಳೆ ಕಂಪನಿಯವರು ತಡೆದರೆ ದುಡ್ಡು ನೀರಿಗೆ ಹಾಕಿದ ಹಾಗೆ. ಇನ್ನು ಕೆಲವು ಕಡೆ ಕೀಯೇ ಇಲ್ಲದೆ, ವೈರಸ್ ತಡೆಯುವ ತಂತ್ರಾಂಶವನ್ನು ಆರಿಸಿ, 'ಆಕ್ಟಿವೇಟರ್' ಎಂಬ ಕಳ್ಳ ತಂತ್ರಾಂಶ ಓಡಿಸಿ ಕೊಡುತ್ತಾರೆ. ಬ್ಯಾಂಕಿನ ವ್ಯವಹಾರ ಮಾಡುವ ಕಂಪ್ಯೂಟರಿನ ಬಾಗಿಲನ್ನು ಹೀಗೆ ತೆರೆದಿಡುವುದು ಮನೆಯ ಬೀಗದಕೈಯನ್ನು ದಾರಿಹೋಕನಿಗೆ ಕೊಟ್ಟಂತೆ.

ಕಾನೂನಿನ ಮಾತೂ ಇದೆ. 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನ ಪ್ರಕಾರ ಕದ್ದ ತಂತ್ರಾಂಶವೆಂದು ತಿಳಿದೂ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರಕ್ಕಲ್ಲದೆ ಬಳಸಿದ್ದರೆ ಸೆರೆವಾಸ ಬಿಟ್ಟು 50,000 ರೂಪಾಯಿವರೆಗಿನ ದಂಡಕ್ಕೆ ಇಳಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ.

ದುಡ್ಡಿಲ್ಲದ ನೇರ ದಾರಿ

ಬೀರುವೂ ಇಲ್ಲ, ಕಪಾಟೂ ಇಲ್ಲ, ಕೈಯಲ್ಲಿ ಕಾಸೂ ಇಲ್ಲ ಎನ್ನುವವರು ಕದಿಯಬೇಕಾಗಿಲ್ಲ. 'ಲಿನಕ್ಸ್' ಎಂಬ ಆಪರೇಟಿಂಗ್ ಸಿಸ್ಟಂ ಇದೆ. 1991ರಲ್ಲಿ ಫಿನ್ಲೆಂಡಿನ ಲೈನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಶುರುಮಾಡಿದ್ದು ಈಗ ಲೋಕಕ್ಕೆಲ್ಲಾ ಹರಡಿದೆ. ಅದರದ್ದೇ ಒಂದು ರೂಪವಾದ 'ಉಬುಂಟು' ಪೂರ್ತಿ ಉಚಿತ. ಎಷ್ಟು ಕಂಪ್ಯೂಟರಿಗೆ ಬೇಕಾದರೂ ಹಾಕಿಕೊಳ್ಳಬಹುದು, ಲೈಸೆನ್ಸು ಸಾಗಿಸುವ ತಾಪತ್ರಯವೇ ಇಲ್ಲ. ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಇಂಥ ಉಚಿತ ತಂತ್ರಾಂಶದ ಮೇಲೆಯೇ. ಕಾಗದ ಬರೆಯಲು, ಲೆಕ್ಕ ಇಡಲು, ಇಂಟರ್ನೆಟ್ಟಿಗೆ, ಆನ್‌ಲೈನ್ ಪಾಠಕ್ಕೆ ಅದು ಸಾಕು. ಆದರೆ ನುಡಿ, ಟ್ಯಾಲಿಯಂಥವು ವಿಂಡೋಸಿಗೆಂದು ಮಾಡಿದವು, ಅದರಲ್ಲಿ ನೇರವಾಗಿ ಓಡುವುದಿಲ್ಲ. ನಿಮ್ಮ ಕೆಲಸ ಯಾವುದೆಂದು ನೋಡಿಕೊಂಡು ತೀರ್ಮಾನಿಸಿ.

ಲೆಕ್ಕದ ಪುಸ್ತಕದ ಕೊನೆಯ ಪುಟ

ಗ್ಯಾಸಿನ ನಂಬರು, ಹಾಲಿನ ಲೆಕ್ಕ, ಎಲ್‌ಐಸಿ ಕಂತಿನ ತಾರೀಕು ಬರೆದಿಡುವ ನಮ್ಮ ಪುಸ್ತಕದಲ್ಲಿ ಇವಿಷ್ಟಕ್ಕೂ ಜಾಗ ಮಾಡಿ:

* ಕಂಪ್ಯೂಟರ್ ಕೊಂಡ ತಾರೀಕು, ಬಿಲ್ಲು ಇಟ್ಟ ಜಾಗ
* ವಿಂಡೋಸ್ ಯಾವುದು: ಹೋಂ, ಹೋಂ ಸಿಂಗಲ್ ಲ್ಯಾಂಗ್ವೇಜ್, ಪ್ರೊ
* ಜಾತಿ ಯಾವುದು: ರಿಟೇಲ್, ಒಇಎಂ
* ಕೀ ಇರುವ ಕಾರ್ಡು ಇಟ್ಟ ಜಾಗ
* ಮೈಕ್ರೋಸಾಫ್ಟ್ ಖಾತೆಗೆ ಕೊಟ್ಟ ಇಮೇಲ್ ಮತ್ತು ಫೋನ್ ನಂಬರು
* 48 ಅಂಕಿಯ ಕಾಗದ ಇಟ್ಟ ಜಾಗ
* ಫೋಟೋ ಮತ್ತು ಲೆಕ್ಕದ ಇನ್ನೊಂದು ಪ್ರತಿ ಯಾವ ಡಿಸ್ಕಿನಲ್ಲಿದೆ, ಕೊನೆಯ ಸಲ ತೆಗೆದದ್ದು ಯಾವಾಗ

ಬರೆಯಲು ಅರ್ಧ ಗಂಟೆ ಸಾಕು. ಕುಕ್ಕರ್ ಕೂಗುವಷ್ಟರಲ್ಲಿ ಅರ್ಧ, ಮಕ್ಕಳು ಶಾಲೆಯಿಂದ ಬಂದ ಮೇಲೆ ಅವರನ್ನು ಕೂರಿಸಿಕೊಂಡು ಇನ್ನರ್ಧ. ಕಂಪ್ಯೂಟರ್ ಓಡುತ್ತಿರುವ ಈ ವಾರವೇ ಬರೆದಿಟ್ಟುಬಿಡಿ. ಕೆಟ್ಟ ಮೇಲೆ ಈ ವಿವರಗಳಲ್ಲಿ ಅರ್ಧದಷ್ಟನ್ನು ಅದರಿಂದ ಕೇಳಿ ತಿಳಿಯುವುದಕ್ಕಾಗುವುದಿಲ್ಲ.